ಅಪ್ಪಯ್ಯ ಬಪ್ಪ ತಿಂಗಳು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿತ್ತು, ಅಪ್ಪಯ್ಯನಿಗೆ ಮಾತ್ರ ಇರಲಿಲ್ಲ. ಚಾವಡಿಯ ಒರಗು ಕುರ್ಚಿ ಮಾವನದು. ಅವರು ಗದ್ದೆಗೆ ಹೋಗಿದ್ದಾಗಲೂ ಬೆಕ್ಕನ್ನು ಬಿಟ್ಟರೆ ಬೇರೆ ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದ ಮಣೆ ಅಮ್ಮಮ್ಮನದು. ಅಲ್ಲಿ ಕೂತರೆ ಒಂದು ಕಡೆ ಒಲೆಯೂ ಇನ್ನೊಂದು ಕಡೆ ಅಂಗಳವೂ ಕಾಣುತ್ತಿದ್ದುದರಿಂದ, ಅನ್ನ ಉಕ್ಕುವುದೂ ಅಂಗಳಕ್ಕೆ ಯಾರು ಬಂದರೆಂಬುದೂ ಅಮ್ಮಮ್ಮನಿಗೆ ಏಳದೆಯೇ ಗೊತ್ತಾಗುತ್ತಿತ್ತು. ನಡುಕೋಣೆ ಅಮ್ಮನದು, ಅಮ್ಮನ ಜೊತೆಗೆ ನನ್ನದು ಮತ್ತು ತಂಗಿ ಬೇಬಿಯದು. ಅಪ್ಪಯ್ಯ ಬಂದಾಗ ಚಾವಡಿಯಲ್ಲಿ ಹೊಸ ಚಾಪೆ ಹಾಸುತ್ತಿದ್ದರು, ಕಾಲು ತೊಳೆಯಲು ತಾಮ್ರದ ಚೊಂಬಿನಲ್ಲಿ ನೀರಿಡುತ್ತಿದ್ದರು. ಇವೆರಡೂ ನೆಂಟರಿಗೆ ಮಾಡುವ ಉಪಚಾರ. ನಮ್ಮ ಕಡೆಯ ಬೇಸಾಯದ ಮನೆಗಳಲ್ಲಿ ಮದುವೆಯಾದ ಮೇಲೂ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲೇ ಇರುವುದು ಆಗ ರೂಢಿ. ಮನೆಯ ಯಜಮಾನಿಕೆ ಅಮ್ಮನ ಅಣ್ಣನದು, ಅಂದರೆ ನನ್ನ ಮಾವನದು. ಗಂಡಂದಿರು ಬಂದು ಹೋಗುವವರು. ಅಪ್ಪಯ್ಯನಂತೂ ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದವರು. ಅವರು ಬರುತ್ತಿದ್ದುದು ವರ್ಷಕ್ಕೊಂದು ಸಲ, ಮಳೆ ಬಿಟ್ಟ ಮೇಲೆ, ನವರಾತ್ರಿಯ ಹೊತ್ತಿಗೆ. ಹೋಗುತ್ತಿದ್ದುದು ದೀಪಾವಳಿ ಮುಗಿಸಿ.

ಆ ಒಂದು ತಿಂಗಳಿಗಾಗಿ ನಮ್ಮ ಇಡೀ ವರ್ಷ ಕಾಯುತ್ತಿತ್ತು ಅನ್ನಬೇಕು. ಮಳೆಗಾಲದಲ್ಲಿ ಕುಂದಾಪುರದ ಪೇಟೆಗೂ ನಮ್ಮ ಊರಿಗೂ ನಡುವಿನ ಗದ್ದೆ ಬಯಲೆಲ್ಲ ಕೆಂಪು ನೀರು ನಿಂತು, ಪೇಟೆಯೇ ಬೇರೆ ದೇಶದ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ದಿನ ಬೆಳಿಗ್ಗೆ ಎದ್ದರೆ ಹಂಚಿನ ಸದ್ದು ನಿಂತಿರುತ್ತಿತ್ತು. ಭತ್ತದ ತೆನೆ ಬಾಗಿ ಬಣ್ಣ ತಿರುಗುತ್ತಿತ್ತು. ಮೀನು ಮಾರುವ ಲಚ್ಚಿ ಕಡಲ ಬದಿಯ ಕೋಡಿಯಿಂದ ಬುಟ್ಟಿ ಹೊತ್ತು ಮತ್ತೆ ಬರತೊಡಗುತ್ತಿದ್ದಳು. ಆಗಿಂದ ಅಮ್ಮ ಬದಲಾಗುತ್ತಿದ್ದಳು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಮಧ್ಯಾಹ್ನ ಬಸ್ಸಿನ ಹಾರ್ನು ಕೇಳಿದರೆ ಕೈಯ ಕೆಲಸ ನಿಲ್ಲಿಸಿ ತಲೆ ಓರೆ ಮಾಡುತ್ತಿದ್ದಳು. ಅಮ್ಮಮ್ಮ ಮಣೆಯ ಮೇಲಿಂದಲೇ ನೋಡಿ ಹೇಳುತ್ತಿದ್ದರು:

"ಬಪ್ಪರ್ ಬತ್ರ್. ನೀನ್ ಕಾಯಿ ತುರಿ."

ನಾನು ಹೇಳಹೊರಟಿರುವ ವರ್ಷ ನನಗೆ ಎಂಟೋ ಒಂಬತ್ತೋ. ಬೇಬಿಗೆ ಮೂರು. ಹಿಂದಿನ ವರ್ಷ ಹೋಟೆಲಿನಲ್ಲಿ ಜನ ಸಾಲದೆ ಅಪ್ಪಯ್ಯನಿಗೆ ರಜೆ ಸಿಕ್ಕಿರಲಿಲ್ಲ. ಹಾಗಾಗಿ ಅವಳು ಅಪ್ಪಯ್ಯನನ್ನು ನೋಡಿದ್ದು ತೊಟ್ಟಿಲಲ್ಲಿದ್ದಾಗ. ಅಪ್ಪಯ್ಯ ಟ್ರಂಕು ಹೊರಿಸಿಕೊಂಡು ಅಂಗಳಕ್ಕೆ ಬಂದಾಗ ಬೇಬಿ ಅಮ್ಮಮ್ಮನ ಬೆನ್ನ ಹಿಂದೆ ಸೇರಿದವಳು, ಬಿಸ್ಕತ್ತು ತೋರಿಸಿದರೂ ಬರಲಿಲ್ಲ. ಯಾರು ಎಂದು ಅವಳಿಗೆ ಎಲ್ಲರೂ ಹೇಳಿದರು. ಅವಳು ಯಾರ ಮಾತನ್ನೂ ನಂಬಲಿಲ್ಲ. ಅಮ್ಮ ಏನೆಂದು ಕರೆಯುತ್ತಾಳೆಂದು ಮಾತ್ರ ಗಮನ ಇಟ್ಟು ಕೇಳಿಸಿಕೊಂಡಳು. ಅಮ್ಮ ಬಾಗಿಲ ಮರೆಯಲ್ಲಿ ನಿಂತು, ನಮ್ಮ ಊರಿನ ಎಲ್ಲ ಹೆಂಡಂದಿರ ಹಾಗೆ ಗಂಡನ ಹೆಸರು ಹೇಳದೆ, ಕರೆದಳು:

"ಹ್ವಾಯ್, ಇಲ್ಕಾಣಿ, ಬಿಸ್ನೀರ್ ಕಾದಿತ್."

ಅಲ್ಲಿಗೆ ಬೇಬಿಗೆ ಆ ಮನುಷ್ಯನ ಹೆಸರು ಗೊತ್ತಾಯಿತು. ಮರುದಿನ ಬೆಳಿಗ್ಗೆ ಚಾವಡಿಯ ಕಂಬ ಹಿಡಿದು ನಿಂತು, ದೂರದಿಂದಲೇ ವಿಚಾರಿಸಿದಳು:

"ಹ್ವಾಯ್, ನೀವ್ ಯಾವಾಗ ಹೋಪುದ್?"

ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಪ್ಪಯ್ಯನೂ ನಕ್ಕರು. ಆದರೆ ಅವರು ನಕ್ಕು ಮುಗಿಸಿದ್ದು ಉಳಿದವರಿಗಿಂತ ಬೇಗ. ಆಮೇಲೆ ಅಂಗಳದ ಕಡೆ ತಿರುಗಿ, ಹೊಗೆಸೊಪ್ಪಿನ ಡಬ್ಬಿಯನ್ನು ಸುಮ್ಮನೆ ತೆರೆದು ಮುಚ್ಚುತ್ತಾ ಕೂತರು.

ಮನೆಯೊಳಗೆ ಅಪ್ಪಯ್ಯ ಬಹಳ ಮೆತ್ತಗಿನ ಮನುಷ್ಯ. ಮಾವ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಬಡಿಸಿದ್ದನ್ನು ಊಟ ಮಾಡುತ್ತಿದ್ದರು. ಬೊಂಬಾಯಿಯಲ್ಲಿ ದಿನಕ್ಕೆ ಅದೆಷ್ಟು ಜನರಿಗೆ ಅಡುಗೆ ಮಾಡಿ ಹಾಕುವ ಕೈ ಅದು. ನಮ್ಮ ಅಡುಗೆಮನೆಯ ಹೊಸ್ತಿಲನ್ನು ಒಂದು ಸಲವೂ ದಾಟಿದ್ದಿಲ್ಲ. ಅಳಿಯ ಅಡುಗೆಮನೆಗೆ ಕಾಲಿಡುವುದು ಆ ಮನೆಯಲ್ಲಿ ಯಾರೂ ಊಹಿಸದ ಸಂಗತಿ. ಗಂಡಸರ ಊಟ ಮುಗಿದು, ಮಕ್ಕಳದು ಮುಗಿದು, ಅಮ್ಮ ಉಣ್ಣುವ ಹೊತ್ತಿಗೆ ಅಪ್ಪಯ್ಯ ಚಾವಡಿಯಲ್ಲಿ ಮಲಗಿರುತ್ತಿದ್ದರು. ಹಗಲಿನಲ್ಲಿ ಅವರಿಬ್ಬರೂ ಮಾತಾಡುತ್ತಿದ್ದುದು ಬಾಗಿಲ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಅದೂ ಎರಡೇ ಮಾತು. ಆದರೆ ಎಲ್ಲಿಗಾದರೂ ಹೊರಟರೆ ಬೇರೆ ಕಥೆ. ಹೊರಡಲು ಒಂದು ನೆಪ ಬೇಕಿತ್ತು, ದೇವರಿಗಿಂತ ಒಳ್ಳೆಯ ನೆಪ ಇಲ್ಲ. ಆನೆಗುಡ್ಡೆಯ ಗಣಪತಿಗೆ ಹಣ್ಣುಕಾಯಿ ಎಂದರೆ ಮಾವನೂ ಬೇಡ ಅನ್ನುತ್ತಿರಲಿಲ್ಲ. ಮನೆಯ ಬೇಲಿ ದಾಟುವವರೆಗೂ ಅಪ್ಪಯ್ಯ ಮುಂದೆ, ಅಮ್ಮ ಬಹಳ ಹಿಂದೆ. ಗದ್ದೆಯ ಅಂಚು ತಿರುಗಿ ಮನೆ ಮರೆಯಾದ ಕೂಡಲೇ ಅಪ್ಪಯ್ಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಪಂಚೆ ಎತ್ತಿ ಕಟ್ಟಿ, ನಿಂತು, ಅಮ್ಮನನ್ನು ಮುಂದೆ ಬಿಡುತ್ತಿದ್ದರು. ಅಮ್ಮ ತಲೆಯ ಸೆರಗು ಜಾರಿದರೂ ಸರಿ ಮಾಡಿಕೊಳ್ಳುತ್ತಿರಲಿಲ್ಲ. ಆಗ ಅವರು ನಮ್ಮ ಅಪ್ಪಯ್ಯ ಆಗುತ್ತಿದ್ದರು. ಏಡಿಯ ಬಿಲಕ್ಕೆ ಕಡ್ಡಿ ಹಾಕಿ ತೋರಿಸುವ, ಬೊಂಬಾಯಿಯ ಗಿರಾಕಿಗಳ ಹಾಗೆ ಮೂಗಿನಲ್ಲಿ ಹಿಂದಿ ಮಾತಾಡಿ ನಗಿಸುವ, ತೆನೆ ಹಾಲನ್ನು ಹಿಂಡಿ ನನ್ನ ನಾಲಿಗೆಗೆ ಹಚ್ಚುವ ಅಪ್ಪಯ್ಯ.

ಬೇಬಿ ಮಾತ್ರ ಅವರ ಕೈಗೆ ಸಿಗುತ್ತಿರಲಿಲ್ಲ. ಆನೆಗುಡ್ಡೆಗೆ ಹೋದ ದಿನ ತೋಡಿಗೆ ಹಾಕಿದ್ದ ಸಂಕ ದಾಟಬೇಕಿತ್ತು. ಸಂಕ ಎಂದರೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸೇತುವೆ, ಕೆಳಗೆ ಮಳೆಗಾಲದ ಉಳಿದ ನೀರು ಇನ್ನೂ ಜೋರಾಗಿ ಓಡುತ್ತಿತ್ತು. ಅಪ್ಪಯ್ಯ ಎತ್ತಿಕೊಳ್ಳಲು ಬಗ್ಗಿದರೆ ಬೇಬಿ ಕೈ ಹಿಂದೆ ಕಟ್ಟಿ ನಿಂತಳು.

"ಹ್ವಾಯ್, ನೀವ್ ಮುಟ್ಬೇಡಿ. ನಾನೇ ಹೋತೆ."

ಅಮ್ಮ ಗದರಲು ಬಾಯಿ ತೆರೆದಳು. ಅಪ್ಪಯ್ಯ ಬೇಡವೆಂದು ಕೈ ಸನ್ನೆ ಮಾಡಿದರು. ಬೇಬಿ ಸಂಕದ ಮೇಲೆ ಕುಂಡೆಯೂರಿ ಕೂತು, ಒಂದೊಂದೇ ಇಂಚು ಜಾರುತ್ತ ಮುಂದೆ ಹೋದಳು. ಅಪ್ಪಯ್ಯ ಅವಳ ಎದುರು, ಮುಖ ಅವಳ ಕಡೆಗೆ, ಹಿಮ್ಮುಖವಾಗಿ ಹೆಜ್ಜೆ ಇಡುತ್ತ, ಎರಡೂ ಕೈ ಚಾಚಿಕೊಂಡು, ಆದರೆ ಮುಟ್ಟದೆ ಆ ಸಂಕವನ್ನು ದಾಟಿದರು. ಆಚೆ ದಡದಲ್ಲಿ ಬೇಬಿ ಎದ್ದು ಲಂಗ ಕೊಡವಿ ಹಿಂದೆ ನೋಡದೆ ನಡೆದಳು. ಅಪ್ಪಯ್ಯನ ಹಣೆಯಲ್ಲಿ ಬೆವರಿತ್ತು. ಅವತ್ತು ದೇವಸ್ಥಾನದಲ್ಲಿ ಅವರು ಕಣ್ಣುಮುಚ್ಚಿ ನಿಂತದ್ದು ನನಗೆ ಬಹಳ ಹೊತ್ತು ಅನಿಸಿತು. ಬರುವಾಗ ರಸ್ತೆ ಬದಿಯ ಹೋಟೆಲಿನಲ್ಲಿ ಗೋಳಿಬಜೆ ತಿಂದೆವು. ಅಪ್ಪಯ್ಯ ಒಂದು ಕಚ್ಚಿ, ಎಣ್ಣೆ ಕಾಯುವ ಮೊದಲೇ ಬಿಟ್ಟಿದ್ದಾರೆ ಎಂದು ಮೆಲ್ಲಗೆ ಹೇಳಿದರು. ಅಮ್ಮ ಕೇಳಿದಳು:

"ನೀವ್ ಬಿಟ್ರೆ ಹ್ಯಾಂಗಾತಿತ್ತ್?"

"ಒಂದಿನ ಮಾಡ್ ಹಾಕ್ತೆ, ತಿಂದ್ ಕಾಣ್."

"ಎಲ್ಲಿ ಮಾಡ್ತ್ರಿ?" ಎಂದಳು ಅಮ್ಮ.

ಅದಕ್ಕೆ ಉತ್ತರ ಕೊಟ್ಟವಳು ಲಚ್ಚಿ. ಗಟ್ಟಿ ಗಂಟಲಿನ, ಸದಾ ಎಲೆಯಡಿಕೆ ಹಾಕಿದ ಹೆಂಗಸು. ನವರಾತ್ರಿ ಮುಗಿದ ವಾರದಲ್ಲಿ ಒಂದು ಬೆಳಿಗ್ಗೆ ಬಂಗುಡೆ ಎಣಿಸಿ ಹಾಕುತ್ತ, ಅಮ್ಮ ಇನ್ನೂ ಕಡಲನ್ನೇ ನೋಡಿಲ್ಲ ಎಂದು ಗೊತ್ತಾಗಿ ಕೈಯ ಮೀನನ್ನು ಹಾಗೇ ಹಿಡಿದು ಕೂತುಬಿಟ್ಟಳು. ನಿಜವೇ. ಗಾಳಿ ತಿರುಗಿದ ದಿನ ಕಡಲಿನ ಸದ್ದು ನಮ್ಮ ನಡುಕೋಣೆಯವರೆಗೂ ಬರುತ್ತಿತ್ತು. ಆದರೆ ಅಮ್ಮ ಕೋಡಿಗೆ ಹೋದವಳಲ್ಲ. ನಮ್ಮ ಮನೆಯ ಹೆಂಗಸರು ಅತ್ತ ಹೋಗುತ್ತಿರಲಿಲ್ಲ, ಅಲ್ಲಿಯವರ ಮನೆಯಲ್ಲಿ ನೀರು ಮುಟ್ಟುತ್ತಲೂ ಇರಲಿಲ್ಲ.

"ಇಷ್ಟ್ ಹತ್ರ ಇದ್ದ್ ಕಡಲ್ ಕಾಣ್ಲಿಲ್ಲೆ ಅಂದ್ರೆ ಹ್ಯಾಂಗೆ ಅಮ್ಮ? ಒಂದಿನ ನಮ್ಮನಿಗ್ ಬನಿ. ದೋಣಿ ನಮ್ದೇ ಇತ್ತ್. ಹೋಯ್ ಬಂದ್ದ್ ಯಾರಿಗೂ ಗೊತ್ತಾತಿಲ್ಲೆ."

ಅಮ್ಮ ಚಾವಡಿಯ ಕಡೆ ನೋಡಿದಳು. ಅಪ್ಪಯ್ಯ ಅಲ್ಲಿಂದಲೇ ಕೇಳಿಸಿಕೊಂಡಿದ್ದರು. ಮಾರನೇ ದಿನ ಅಮ್ಮ ಅಮ್ಮಮ್ಮನ ಮುಂದೆ ನಿಂತು, ಕಣ್ಣು ನೆಲದಲ್ಲಿಟ್ಟು ಹೇಳಿದಳು:

"ಪ್ಯಾಟಿಗ್ ಹೋಯ್, ಮಕ್ಳಿಗ್ ಬಳಿ ಇಡ್ಸ್ಕಂಡ್ ಬತ್ತೆ."

ಪೇಟೆಯಲ್ಲಿ ದೋಣಿ ಕಟ್ಟುವ ದಕ್ಕೆಯಲ್ಲಿ ಲಚ್ಚಿಯೂ ಅವಳ ಗಂಡ ಸುಬ್ಬನೂ ದೋಣಿಯೊಂದಿಗೆ ಕಾದಿದ್ದರು. ಹಿನ್ನೀರಿನ ಮೇಲೆ ಅಷ್ಟು ದೂರ ಬಂದಾಗ ಪೇಟೆಯ ಹಂಚಿನ ಮಾಡುಗಳೆಲ್ಲ ಚಿಕ್ಕದಾದವು. ಅಮ್ಮ ಒಮ್ಮೆ ಹಿಂದೆ ನೋಡಿ ಆಮೇಲೆ ನೋಡಲಿಲ್ಲ. ಕೋಡಿಯ ತೆಂಗಿನ ಮರಗಳ ನಡುವೆ ಮರಳಿನಲ್ಲಿ ನಡೆದು ಹೋಗಿ, ಬಲೆ ಒಣ ಹಾಕಿದ್ದ ಜಾಗ ದಾಟಿದರೆ ಒಂದೇ ಸಲಕ್ಕೆ ಕಡಲು. ಅಮ್ಮ ನಿಂತುಬಿಟ್ಟಳು. ನೀರು ಬಂದು ಪಾದ ಮುಟ್ಟಿ ಹಿಂದೆ ಹೋಗುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ಆಗ ಹೆದರಿ ಅಪ್ಪಯ್ಯನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆದರಿಕೆ ಹೋದ ಮೇಲೂ ಅಮ್ಮ ಕೈ ಬಿಡಲಿಲ್ಲ. ಬೇಬಿ ಪ್ರತಿ ಅಲೆಗೂ ಕೂಗಿ ಬೈಯುತ್ತ ಹಿಂದಕ್ಕೂ ಮುಂದಕ್ಕೂ ಓಡುತ್ತಿದ್ದಳು. ನಾನು ಕಪ್ಪೆಚಿಪ್ಪು ಹೆಕ್ಕಿ ಲಂಗದಲ್ಲಿ ತುಂಬಿಕೊಂಡೆ.

ಲಚ್ಚಿಯ ಮನೆ ಸೋಗೆಯದು, ಒಂದೇ ಕೋಣೆ, ಒಂದು ಮೂಲೆಯಲ್ಲಿ ಒಲೆ. ಅವಳು ನಮಗೆ ಎಳನೀರು ಮಾತ್ರ ಕೊಟ್ಟು ಕಳಿಸುವ ಅಂದಾಜಿನಲ್ಲಿದ್ದಳು. ಅದಕ್ಕಿಂತ ಹೆಚ್ಚಿನದನ್ನು ನಾವು ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಪ್ಪಯ್ಯ ಸುಬ್ಬ ತಂದಿದ್ದ ಬಂಗುಡೆಯನ್ನು ನೋಡಿದರು, ಒಲೆಯನ್ನು ನೋಡಿದರು, ಅಂಗಿ ಕಳಚಿ ಗೂಟಕ್ಕೆ ತೂಗಿಸಿದರು.

"ಲಚ್ಚಿ, ಇವತ್ತ್ ಒಲಿ ನಂಗ್ ಬಿಡ್."

"ಅಯ್ಯೋ ನೀವಾ, ಶೆಟ್ರೆ! ಗಂಡ್ಸ್ರ್?"

"ಬೊಂಬಾಯಿಲಿ ಇಷ್ಟ್ ವರ್ಷ ನಾನ್ ಎಂತ ಮಾಡದ್ದ್ ಅಂದೇಳಿ ಮಾಡ್ಕಂಡಿದೆ? ಮೆಣ್ಸ್ ಎಲ್ಲಿತ್ತ್ ಹೇಳ್."

ಅವರು ಮೀನು ಕೊಚ್ಚಿದ ವೇಗ ನೋಡಿ ಲಚ್ಚಿಯೇ ದಂಗಾದಳು. ಅರೆಯುವ ಕಲ್ಲಿನ ಮುಂದೆ ಕೂತ ಅಪ್ಪಯ್ಯ ನಾನು ಕಂಡ ಅಪ್ಪಯ್ಯನಲ್ಲ. ಬೆನ್ನು ನೆಟ್ಟಗಿತ್ತು. ಅದು ತಾ, ಇದು ತಾ, ಉರಿ ಕಡಿಮೆ ಮಾಡು ಎಂದು ಅಧಿಕಾರದಿಂದ ಹೇಳುತ್ತಿದ್ದರು. ಅಮ್ಮ ಬಾಗಿಲಿಗೆ ಒರಗಿ, ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಿಂತು ನೋಡುತ್ತಿದ್ದಳು. ಎಲೆ ಹಾಕುವ ಹೊತ್ತಿಗೆ ಎಂದಿನಂತೆ ಬಡಿಸಲು ಬಗ್ಗಿದಳು. ಅಪ್ಪಯ್ಯ ಅವಳ ಕೈಯಿಂದ ಸೌಟು ತೆಗೆದುಕೊಂಡರು.

"ನೀನ್ ಕೂಕೊ. ನಾನ್ ಬಡಿಸ್ತೆ."

ಅಮ್ಮ ಕೂತಳು. ಎಲ್ಲರಿಗಿಂತ ಮೊದಲು, ಬಿಸಿ ಅನ್ನಕ್ಕೆ, ಒಬ್ಬ ಗಂಡಸು ಬಡಿಸುವಾಗ. ಮೊದಲ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಅಪ್ಪಯ್ಯ ಸೌಟು ಹಿಡಿದು ಎದುರೇ ನಿಂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ.

"ಹುಳಿ ಒಂಚೂರ್ ಹೆಚ್ಚಾಯ್ತ್," ಎಂದಳು ಅಮ್ಮ. ಹೇಳಿ, ಇನ್ನೂ ಸ್ವಲ್ಪ ಹಾಕಿಸಿಕೊಂಡಳು. ಆಮೇಲೆ ಇನ್ನೊಂದು ಸಲ.

ಹೊಟ್ಟೆ ತುಂಬಿದ ಸುಖದಲ್ಲಿ ನಾವು ಹೊತ್ತು ನೋಡಲಿಲ್ಲ. ದೋಣಿ ಹತ್ತುವಾಗಲೇ ಇಳಿತ ಶುರುವಾಗಿ ಬಹಳ ಹೊತ್ತಾಗಿತ್ತು. ಲಚ್ಚಿಯೂ ಜೊತೆಗೆ ಬಂದಳು. ಅರ್ಧ ದಾರಿಯಲ್ಲಿ ದೋಣಿಯ ತಳ ಕರ್ ಎಂದು ಕೆರೆದು, ಮರಳು ದಿಬ್ಬವೊಂದಕ್ಕೆ ಕೂತಿತು. ಸುಬ್ಬ ಜಲ್ಲೆ ಊರಿ ದಬ್ಬಿ ನೋಡಿದ. ಅಲುಗಲಿಲ್ಲ.

"ನೀರ್ ಏರಿ ಬಪ್ಪರಿಗೂ ಇಲ್ಲೇ ಕೂಕಣ್ಕ್, ಶೆಟ್ರೆ. ಬೇರೆ ದಾರಿ ಇಲ್ಲೆ."

ಅಮ್ಮನ ಮುಖದ ಬಣ್ಣ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕಿತ್ತು. ಆದರೆ ಮಕ್ಕಳಾದ ನಮಗೆ ಅದು ಸ್ವರ್ಗ. ಸುತ್ತ ನೀರು, ನಡುವೆ ನಮ್ಮದೇ ಒಂದು ನೆಲ, ನಮಗಿಂತ ಮೊದಲು ಅಲ್ಲಿಗೆ ಬಂದಿದ್ದವು ಸಣ್ಣ ಏಡಿಗಳು ಮಾತ್ರ. ಕೆಳಗಿಳಿದು ಓಡಾಡಿದೆವು. ಬೇಬಿ ಮರಳಿನಲ್ಲಿ ಗುಂಡಿ ತೋಡಿ ನೀರು ಬರಿಸಿದಳು. ದೂರದಲ್ಲಿ ಗಂಗೊಳ್ಳಿ ಕಡೆಯ ದೋಣಿಗಳ ಹಾಯಿ, ಅದರ ಹಿಂದೆ ಘಟ್ಟ ನೀಲಿಯಾಗಿ ಕಾಣುತ್ತಿತ್ತು. ಅಪ್ಪಯ್ಯ ಮತ್ತು ಸುಬ್ಬ ದಿಬ್ಬದ ಇನ್ನೊಂದು ತುದಿಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು ದೋಣಿಯನ್ನು ತಿರುಗಿಸುವ ಯತ್ನದಲ್ಲಿದ್ದರು. ನೀರು ಮೆಲ್ಲಗೆ ಏರತೊಡಗಿದ್ದನ್ನು ಮೊದಲು ಕಂಡವಳು ಲಚ್ಚಿ. ಅವಳು ಎದ್ದು ನಿಂತು ಗಂಡನನ್ನು ಕೂಗಿದಳು:

"ಹ್ವಾಯ್! ಹಗ್ಗ ಬಿಗಿ ಹಿಡ್ಕಣಿ, ನೀರ್ ಬಂತ್!"

ಇಬ್ಬರು ಗಂಡಸರೂ ಒಟ್ಟಿಗೇ ತಿರುಗಿ ನೋಡಿದರು. ಅಮ್ಮನಿಗೆ ಅಷ್ಟು ಚಿಂತೆಯಲ್ಲೂ ನಗು ಬಂತು. ಬೇಬಿಗೆ ಬಂದದ್ದು ಸಿಟ್ಟು. ಮರಳಿನ ಕೈ ಸೊಂಟಕ್ಕಿಟ್ಟು ಲಚ್ಚಿಯ ಎದುರು ನಿಂತಳು.

"ಅದ್ ನಮ್ಮ ಹ್ವಾಯ್! ನೀನ್ ಕರೀಬೇಡ!"

"ನಿಮ್ಮ ಹ್ವಾಯ್ ನಂಗ್ ಎಂತಕ್ ಮಗಾ? ನಾನ್ ಕರ್ದದ್ದ್ ನಮ್ಮ ಹ್ವಾಯನ್ನ. ನಿಂಗೆ ನಿಮ್ಮವರೇ ಬೇಕಾರೆ ಬೇರೆ ಎಂತಾರು ಕರಿ."

ಬೇಬಿ ಯೋಚಿಸಿದಳು. ಒಂದೇ ದಿಬ್ಬದ ಮೇಲೆ ಇಬ್ಬರು ಹ್ವಾಯ್‌ಗಳಿದ್ದರೆ ಕೆಲಸ ಕೆಡುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಅರ್ಥವಾಗಿತ್ತು. ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ನಾವು ಯಾರೂ ಹೇಳಿಕೊಡಲಿಲ್ಲ. ಆಮೇಲೆ ನೀರಿನ ಅಂಚಿಗೆ ಹೋಗಿ, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದಳು:

"ಅಪ್ಪಯ್ಯಾ!"

ಈ ಸಲ ತಿರುಗಿದ್ದು ಒಬ್ಬರೇ. ಅಪ್ಪಯ್ಯ ಕೈಯ ಹಗ್ಗ ಬಿಟ್ಟರು. ಸುಬ್ಬ ಏನೋ ಬೊಬ್ಬೆ ಹೊಡೆದದ್ದು ಅವರಿಗೆ ಕೇಳಿಸಲಿಲ್ಲ. ನೀರು ಎರಚುತ್ತ ಓಡಿ ಬಂದು ಬೇಬಿಯ ಮುಂದೆ ಮೊಣಕಾಲೂರಿ ಕೂತರು.

"ಎಂತ ಮಗಾ?"

"ಎಂತ ಇಲ್ಲೆ. ಎತ್ಕಣಿ. ಕಾಲ್ ಒದ್ದಿ ಆತ್ತ್."

ದೋಣಿ ತೇಲಿದ ಮೇಲೂ, ಪೇಟೆ ದಾಟಿ ಗದ್ದೆ ಬಯಲಿಗೆ ಬಂದ ಮೇಲೂ ಅಪ್ಪಯ್ಯ ಅವಳನ್ನು ಕೆಳಗಿಳಿಸಲಿಲ್ಲ.

ಮನೆ ಮುಟ್ಟುವಾಗ ಮುಸ್ಸಂಜೆ ಕಳೆದಿತ್ತು. ಮಾವ ಅಂಗಳದಲ್ಲಿ ನಿಂತಿದ್ದರು. ಕೆಲಸದವರನ್ನು ಲಾಟೀನು ಕೊಟ್ಟು ಪೇಟೆ ದಾರಿಗೆ ಕಳಿಸಿದ್ದರು. ದಕ್ಕೆಯಲ್ಲಿ ನಮ್ಮನ್ನು ಕಂಡವರು ಯಾರೋ ಸುದ್ದಿ ಮುಟ್ಟಿಸಿದ್ದರು. ಮಾವ ಕೆಟ್ಟವರಲ್ಲ. ಆ ಹೊತ್ತಿನಲ್ಲಿ ಅವರ ದನಿ ನಡುಗುತ್ತಿದ್ದುದು ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಗೆ ಎಂದು ಈಗ ಅನಿಸುತ್ತದೆ. ಅವರು ಬಳೆಯಿಲ್ಲದ ನನ್ನ ಕೈಯನ್ನು ಎತ್ತಿ ಹಿಡಿದು ಅಮ್ಮನಿಗೆ ತೋರಿಸಿದರು.

"ಬಳಿ ಎಲ್ಲಿತ್ತ್ ಗಿರ್ಜ? ಬಳಿ ಅಂಗ್ಡಿ ಕೋಡಿಗ್ ಯಾವಾಗ ಹೋಯ್ತ್?"

ಅಪ್ಪಯ್ಯ ಏನೋ ಹೇಳಲು ಬಂದರು. ಮಾವ ಅವರ ಕಡೆ ತಿರುಗಿದರು.

"ಭಾವ, ನೀವ್ ನೆಂಟ್ರ್. ನಿಮ್ಗೆ ಒಂದ್ ತಿಂಗ್ಳ್. ಆಮೇಲೆ ಈ ಊರಲ್ಲಿ ಮಾತ್ ಕೇಣ್ಕಂಡ್ ಇಪ್ಪರ್ ನಾವ್."

ಅಪ್ಪಯ್ಯ ಬೇಬಿಯನ್ನು ಕೆಳಗಿಳಿಸಿದರು. ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು, "ಹೌದ್, ನೆಂಟ," ಎಂದಷ್ಟೇ ಹೇಳಿ ಚಾವಡಿಯ ಚಾಪೆಯ ಕಡೆ ನಡೆದರು. ಅಮ್ಮ ಮಾತಾಡಿದ್ದು ಆಗ. ಅಣ್ಣನೆದುರು ಅವಳ ದನಿ ಎದ್ದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಸುಳ್ಳ್ ಹೇಳದ್ದ್ ನಾನ್, ಅವ್ರಲ್ಲ. ಅಣ್ಣ, ನೀವ್ ನನ್ನ ಲಾಯ್ಕ್ ಮಾಡೇ ಕಂಡಿದ್ರಿ, ಇಲ್ಲೆ ಅಂಬುದಿಲ್ಲೆ. ಆರೆ ಅವ್ರ್ ನೆಂಟ್ರಾದ್ದ್ ಸಾಕ್. ಇನ್ ಬೊಂಬಾಯಿಗ್ ಹೋಪುದಾರೆ ನಾನೂ ಮಕ್ಳೂ ಒಟ್ಟಿಗೇ ಹೋಪುದ್. ಇಲ್ಲಿಪ್ಪುದಾರೆ ಎಲ್ಲರೂ ಒಂದೇ ಮಾಡಿನ್ ಕೆಳಗೆ."

ಅಮ್ಮಮ್ಮ ಮಣೆಯಿಂದ ಎದ್ದು, ಗೋಡೆ ಹಿಡಿದು ಬಂದು, ಮಗಳ ಹತ್ತಿರ ನಿಂತರು. ಬೈಯುತ್ತಾರೆ ಎಂದುಕೊಂಡೆ.

"ಕೋಡಿಲಿ ಅಡ್ಗಿ ಯಾರ್ ಮಾಡದ್ದ್?"

"ಅವ್ರೇ."

"ನೀನ್ ಉಂಡ್ಯಾ?"

ಅಮ್ಮ ಹೌದೆಂದು ತಲೆಯಾಡಿಸಿದಳು.

"ಲಾಯ್ಕಿತ್ತಾ?"

ಅಮ್ಮ ಅಳತೊಡಗಿದಳು. ಅಮ್ಮಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಮಾವನ ಕಡೆ ನೋಡಿ, ಮಕ್ಕಳಿಗೆ ಹಸಿವಾಗಿದೆ, ಉಳಿದದ್ದು ಆಮೇಲೆ ಎಂದರು. ಅವರು ಮಗಳ ಪರವಾಗಿ ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಅಷ್ಟೇ ಸಾಕಾಯಿತು.

ಆ ವರ್ಷ ದೀಪಾವಳಿ ಮುಗಿದರೂ ಅಪ್ಪಯ್ಯನ ಟ್ರಂಕು ಚಾವಡಿಯ ಮೂಲೆ ಬಿಟ್ಟು ಏಳಲಿಲ್ಲ. ಬೊಂಬಾಯಿಯಲ್ಲಿ ಅವರಿದ್ದುದು ಹೋಟೆಲಿನ ಅಟ್ಟದ ಮೇಲೆ, ಬೇರೆ ಕೆಲಸಗಾರರ ಜೊತೆ. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವ ಹಾಗಿರಲಿಲ್ಲ. ಅವರು ಹಾಲಾಡಿಗೆ ಹೋಗಿ, ತಮ್ಮ ಅಕ್ಕನ ಮನೆಯಲ್ಲಿ ಕೆಲವು ದಿನ ಉಳಿದು, ಬಸ್ಸುಗಳು ನಿಲ್ಲುವ ಕವಲಿನಲ್ಲಿ ಒಂದು ಹಂಚಿನ ಕಟ್ಟಡ ಗೊತ್ತು ಮಾಡಿ ಬಂದರು. ಮುಂದೆ ಚಾ ತಿಂಡಿಯ ಹೋಟೆಲು, ಹಿಂದೆ ನಮ್ಮ ಬಿಡಾರ. ನಾವು ಹೊರಡುವ ದಿನ ಅಮ್ಮಮ್ಮ ಬಾಗಿಲಲ್ಲಿ ನಿಂತು ಅಮ್ಮನನ್ನು ಕೇಳಿದರು: "ಒಲಿ ಅಲ್ಲಿ ನಿಂದಾ, ಅವ್ರದ್ದಾ?" ಅಮ್ಮ ನಗುತ್ತಲೇ ಗಾಡಿ ಹತ್ತಿ, ಗದ್ದೆಯ ಅಂಚು ತಿರುಗಿದ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾವ ಗದ್ದೆಯಲ್ಲೇ ಇದ್ದರು, ಬರಲಿಲ್ಲ. ಆದರೆ ಹೋಟೆಲು ತೆರೆಯುವ ಹಿಂದಿನ ದಿನ ಒಂದು ಗಾಡಿ ಕಟ್ಟಿಗೆ ಬಂದು ಬಿತ್ತು. ಅದಾಗಿ ಬಹಳ ದಿನದ ಮೇಲೆ ಮಾವ ತಾವೇ ಬಂದು ಬೆಂಚಿನ ತುದಿಯಲ್ಲಿ ಕೂತರು. ಅಪ್ಪಯ್ಯ ಚಾ ತಂದಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತರು. ಮಾವ ಕುಡಿದು, "ಸಕ್ರಿ ಕಮ್ಮಿ ಭಾವ," ಎಂದರು. ಅಷ್ಟಕ್ಕೇ ಅಪ್ಪಯ್ಯ ಅಂದು ದಿನವಿಡೀ ಹಾಡು ಗುನುಗಿಕೊಂಡು ಓಡಾಡಿದರು.

ಹೀಗೆ ನಮಗೆ ಅಪ್ಪಯ್ಯ ದಿನವೂ ಸಿಕ್ಕರು. ಬೇಡಿಕೊಂಡದ್ದು ಅದನ್ನೇ ತಾನೆ. ಆದರೆ ಆಶ್ವೀಜ ಬಂದಾಗ ನನಗೆ ಏನೋ ಕಳೆದ ಹಾಗಾಗುತ್ತಿತ್ತು. ಮಳೆ ನಿಂತು, ಬಿಸಿಲು ಹಳದಿಗೆ ತಿರುಗಿ, ಆಚೆ ಗದ್ದೆಗಳಿಂದ ಬಲಿತ ತೆನೆಯ ವಾಸನೆ ಬರುವ ದಿನಗಳವು. ಊರಿನವರೆಲ್ಲ ಎಲ್ಲಿಗಾದರೂ ಹೊರಡುವ ಕಾಲ. ಅದಕ್ಕೇ ಹೋಟೆಲಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸದ ಕಾಲ. ಬಸ್ಸುಗಳು ತುಂಬಿ ಬಂದು ನಿಲ್ಲುತ್ತಿದ್ದವು. ಮಕ್ಕಳನ್ನು ಎತ್ತಿಕೊಂಡ ಅಪ್ಪಂದಿರು ಇಳಿದು, ನಮ್ಮ ಅಪ್ಪಯ್ಯ ಬಿಟ್ಟ ಗೋಳಿಬಜೆ ತಿಂದು, ಮತ್ತೆ ಹತ್ತಿ ಹೋಗುತ್ತಿದ್ದರು. ನಾನೂ ಬೇಬಿಯೂ ಹಿಂದಿನ ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಕೋಡಿಗೆ ಹೋಪ ಎಂದು ಬೇಬಿ ಕೇಳಿದರೆ, ಅಪ್ಪಯ್ಯ "ನಾಳಿಗ್ ಕಾಂಬ ಮಗಾ," ಎನ್ನುತ್ತಿದ್ದರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವರ ನಾಳೆ ಬೆಳಗಾಗುವ ಮೊದಲೇ ಹಿಟ್ಟಿನ ಪಾತ್ರೆಯಲ್ಲಿ ಮುಳುಗಿರುತ್ತಿತ್ತು. ಅಮ್ಮ ಹಿಂದೆ ಕಾಯಿ ತುರಿಯುತ್ತ, ಅಪ್ಪಯ್ಯ ಮುಂದೆ ಎಣ್ಣೆಯ ಎದುರು ಬೇಯುತ್ತ, ಈಗ ಅವರಿಬ್ಬರ ನಡುವೆ ಮಾತಿಗೇನೂ ಕೊರತೆ ಇರಲಿಲ್ಲ. ಜಗಳವೂ ಬೇಕಷ್ಟಿತ್ತು. ಉಪ್ಪಿಗೆ, ಹಾಲಿಗೆ, ಒದ್ದೆ ಕಟ್ಟಿಗೆಗೆ. ಗದ್ದೆಯ ಅಂಚಿನಲ್ಲಿ ಚಪ್ಪಲಿ ಕಳಚಿ ನಿಂತು ಹೆಂಡತಿಯನ್ನು ಮುಂದೆ ಬಿಡುತ್ತಿದ್ದ ಆ ಮನುಷ್ಯನನ್ನು ನಾನು ನಮ್ಮ ಮನೆಯಲ್ಲೇ ಹುಡುಕುತ್ತಿದ್ದೆ. ಅಮ್ಮನೂ ಹುಡುಕುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಒಂದು ನವರಾತ್ರಿ ಸಂಜೆ. ಆಗ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ.

ಅಮ್ಮ ಅಂದು ಬೇಗ ಕೆಲಸ ಮುಗಿಸಿ, ಮಿಂದು, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ನಮಗೂ ಹೊಸ ಲಂಗ ಹಾಕಿಸಿ, ಅಬ್ಬಲಿಗೆ ಮುಡಿಸಿದಳು. ಎಲ್ಲಿಗೆ ಎಂದರೆ ಹೇಳಲಿಲ್ಲ. ಹಿಂದಿನ ಬಾಗಿಲಿಗೆ ಬೀಗ ಹಾಕಿ, ಓಣಿಯಲ್ಲಿ ನಡೆಸಿ, ದೊಡ್ಡ ರಸ್ತೆಗೆ ಕರೆತಂದು, ಸುತ್ತು ಹಾಕಿ, ನಮ್ಮದೇ ಹೋಟೆಲಿನ ಮುಂಬಾಗಿಲಿಂದ ಒಳಗೆ ಹೋದಳು. ಕಿಟಕಿ ಪಕ್ಕದ ಮೇಜಿಗೆ ನಮ್ಮನ್ನು ಕೂರಿಸಿ, ತಾನೂ ಸೆರಗು ಸರಿಮಾಡಿಕೊಂಡು ಕೂತಳು. ಅಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಅಪ್ಪಯ್ಯ ಒಲೆಯ ಹತ್ತಿರದಿಂದ ಬೆವರೊರೆಸುತ್ತ ಬಂದರು.

"ಎಂತ? ಎಂತ ಆಯ್ತ್?"

"ಎಂತ ಆಯ್ಲಿಲ್ಲೆ. ಮಕ್ಳನ್ನ್ ಕರ್ಕಂಡ್ ತಿರ್ಗುಕ್ ಬಂದೆ. ಗೋಳಿಬಜಿ ಬಿಸಿ ಇತ್ತಾ?"

ಅಪ್ಪಯ್ಯ ಅಮ್ಮನ ಮುಖವನ್ನೂ ಉಟ್ಟ ಒಳ್ಳೆಯ ಸೀರೆಯನ್ನೂ ನೋಡಿದರು. ಆಮೇಲೆ ಒಳಗೆ ಹೋಗಿ, ಹೊಸದಾಗಿ ಬಿಟ್ಟು, ತಾವೇ ತಟ್ಟೆ ಹಿಡಿದು ತಂದರು. ಇಟ್ಟು ಹಿಂದೆ ಹೋಗಲಿಲ್ಲ. ಹೆಗಲ ಬೈರಾಸು ತೆಗೆದು ಬೆಂಚಿನ ಮೇಲೆ ಹಾಕಿ ಬೇಬಿಯ ಪಕ್ಕ ಕೂತರು. ಹೊರಗೆ ಬಸ್ಸು ಬಂದು ನಿಂತಿತು. ಇಳಿದವರು "ಹೋಯ್, ಚಾ ಇತ್ತಾ?" ಎಂದು ಕೇಳಿದರು. ಒಬ್ಬರು ಮೇಜು ಕುಟ್ಟಿದರು. ಅಪ್ಪಯ್ಯ ತಲೆಯೆತ್ತಲಿಲ್ಲ. ಬೊಂಬಾಯಿಯ ಗಿರಾಕಿಗಳ ಹಾಗೆ ಮೂಗಿನಲ್ಲಿ ಮಾತಾಡಿ, ಬಜೆಯನ್ನು ಹೊಗಳುತ್ತ ತಿನ್ನತೊಡಗಿದರು. ಬೇಬಿಗೆ ನಗು ತಡೆಯಲಾರದೆ ಚಾ ಮೂಗಿಗೆ ಹತ್ತಿತು. ಬಸ್ಸು ಹಾರ್ನು ಹಾಕಿ ಹೋಯಿತು. ಮೇಜು ಕುಟ್ಟಿದವರು ಗೊಣಗುತ್ತ ಅದರಲ್ಲೇ ಹೋದರು.

"ಇನ್ ಹೋಪ, ಕಪ್ಪಾತ್," ಎಂದಳು ಅಮ್ಮ.

ಅಪ್ಪಯ್ಯನೂ ಎದ್ದರು. ಒಳಗಿನ ಬಾಗಿಲಿಂದ ಹೋಗಿದ್ದರೆ ನಾಲ್ಕು ಹೆಜ್ಜೆಗೆ ನಮ್ಮ ಬಿಡಾರ. ಆದರೆ ಅವರು ಒಲೆಯನ್ನು, ತುಂಬಿದ ಹೋಟೆಲನ್ನು ಹಾಗೆಯೇ ಬಿಟ್ಟು, ನಮ್ಮನ್ನು ಮುಂಬಾಗಿಲಿಂದ ಇಳಿಸಿಕೊಂಡು, ದೊಡ್ಡ ರಸ್ತೆಯಲ್ಲಿ ನಡೆದರು. ಎತ್ತಿಕೊಳ್ಳುವ ವಯಸ್ಸು ದಾಟಿದ್ದ ಬೇಬಿ ಅವರ ಬೆರಳು ಹಿಡಿದಿದ್ದಳು. ಹಾಲಾಡಿಯ ಅಂಗಡಿಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿತ್ತು. ಓಣಿಗೆ ತಿರುಗುವ ಕಡೆ ಅಪ್ಪಯ್ಯ ನಿಂತರು. ತಿರುಗದೆ, ಇನ್ನೂ ಸ್ವಲ್ಪ ಮುಂದೆ, ಅಂಗಡಿಗಳು ಮುಗಿದು ಗದ್ದೆ ಶುರುವಾಗುವವರೆಗೂ ಹೋಗಿ ಬರೋಣವೇ ಎಂದು ಅಮ್ಮನನ್ನು ಕೇಳಿದರು. ಅಮ್ಮ ಆಗಲೇ ನಡೆಯತೊಡಗಿದ್ದಳು.